ರೇಷ್ಮೆಯಲ್ಲಿ ಉಳಿದ ನೀರು

ಚಿಕ್ಕಬಳ್ಳಾಪುರ
೯ ನವೆಂಬರ್ ೨೦೨೫

ಪ್ರಿಯ ಭಾನು ಅವರಿಗೆ,

ಫೋನ್ ಮಾಡಿದರೆ ಇಬ್ಬರೂ ‘ಊಟ ಆಯ್ತಾ’ ಎಂಬಲ್ಲಿಗೇ ನಿಂತುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ರೇಷ್ಮೆಯ ಮೇಲಿನ ಪ್ರಬಂಧ ಸಿದ್ಧವಾಗಿದೆ. ನಿಮ್ಮ ಒಪ್ಪಿಗೆ ಸಿಕ್ಕರೆ ಇಬ್ಬರ ಹೆಸರಲ್ಲೂ ಸಂಶೋಧನಾ ಪತ್ರಿಕೆಗೆ ಕಳಿಸುತ್ತೇನೆ. ನಿಮ್ಮ ಹೆಸರು ಬಿಟ್ಟು ಕಳಿಸಲು ನನಗೆ ಮನಸ್ಸಿಲ್ಲ.

ಆ ಉಬ್ಬು ನೆನಪಿದೆಯೇ? ರೇಷ್ಮೆಯ ಪುಡಿಯನ್ನು ಬಿಲ್ಲೆ ಮಾಡಿ, ಎರಡು ಲೋಹದ ತಟ್ಟೆಗಳ ನಡುವೆ ಇಟ್ಟು, ದಿಕ್ಕು ಬದಲಿಸುತ್ತಿರುವ ವಿದ್ಯುತ್ ಹಾಯಿಸಿದಾಗ ಗ್ರಾಫಿನಲ್ಲಿ ಕಂಡದ್ದು. ಬಿಡಿ ನೀರಾದರೆ ಅದರ ಕಣಗಳು ವಿದ್ಯುತ್ತಿನ ದಿಕ್ಕು ಬದಲಾದಂತೆ ಥಟ್ಟನೆ ತಿರುಗುತ್ತವೆ. ಇದು ತಡವಾಗಿ ತಿರುಗುತ್ತಿದೆ, ರೇಷ್ಮೆಯ ಪ್ರೋಟೀನಿಗೆ ಅಂಟಿಕೊಂಡ ನೀರು ಎಂದಿರಿ ನೀವು. ನಮ್ಮ ಗೈಡ್ ನರೇಂದ್ರ ಸರ್ ಒಪ್ಪಲಿಲ್ಲ. “ವೈರ್ ಲೂಸಾಗಿದೆ, ನೋಡ್ಕೊಳ್ರಪ್ಪ” ಎಂದು ಎದ್ದು ಹೋದರು.

ಈಗ ಆ ದಿನಗಳೇ ಹೆಚ್ಚು ನೆನಪಾಗುತ್ತವೆ. ರೇಷ್ಮೆಗೂಡು ತರಲು ಮೇಲೂರಿಗೆ ಹೋಗುತ್ತಿದ್ದೆವು. ನೂಲು ಬಿಚ್ಚುವ ಚಿಕ್ಕಮುನಿಯಮ್ಮನವರು ಬೆಂದ ಹುಳದ ವಾಸನೆಯ ನಡುವೆಯೇ ನಮಗೆ ಕಾಫಿ ಕೊಟ್ಟು, “ಗಂಡ ಹೆಂಡ್ತಿ ಇಬ್ರೂ ಒಣಗಿದ ಗೂಡಲ್ಲಿ ನೀರು ಹುಡುಕ್ತಾರಂತೆ” ಎಂದು ನಗುತ್ತಿದ್ದರು. ಆಗಿನ್ನೂ ನಮ್ಮ ನಡುವೆ ಮದುವೆಯ ಮಾತೇ ಬಂದಿರಲಿಲ್ಲ. ನೀವೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಚೀಲದ ವಾಸನೆಗೆ ಪಕ್ಕದವರು ಎದ್ದು ಹೋಗಿ, ಮೂರು ಜನರ ಸೀಟು ನಮ್ಮಿಬ್ಬರಿಗೇ ಉಳಿಯುತ್ತಿತ್ತು. ಲ್ಯಾಬಿನಲ್ಲಿ ಬಾಯಿಯ ತೇವ ತಾಗಬಾರದೆಂದು ನೀವು ಉಸಿರು ಬಿಗಿಹಿಡಿದು ಬಿಲ್ಲೆ ಕೂರಿಸುವಾಗ ನಾನು ಬೇಕೆಂದೇ ನಗಿಸುತ್ತಿದ್ದೆ.

ಮದುವೆಯಾದ ವರ್ಷವೇ ನಿಮ್ಮ ಫೆಲೋಶಿಪ್ ನಿಂತಿತು. ಸಂಶೋಧನೆ ಬಿಟ್ಟು ಕುಡುಮಲಕುಂಟೆಯ ಕಾರ್ಖಾನೆ ಸೇರಿದಿರಿ. ಗೌರಿಬಿದನೂರಿನ ನಿಮ್ಮ ರೂಮಿಗೆ ಶನಿವಾರ ಬಂದಾಗಲೆಲ್ಲ ನಾನು ಲ್ಯಾಬಿನ ಸುದ್ದಿ ಹೇಳುತ್ತಿದ್ದೆ. ಒಂದು ದಿನ, “ಆ ಮೆಷಿನ್ ವಿಷ್ಯ ನನ್ ಹತ್ರ ಎತ್ಬೇಡ ಕಣೇ” ಎಂದಿರಿ. ಜಗಳವೇನೂ ಆಗಲಿಲ್ಲ. ಆಮೇಲೆ ಯಾವ ಮಾತು ಆಡಬೇಕೋ ನನಗೆ ತೋಚುತ್ತಿರಲಿಲ್ಲ. ಒಂದು ಶನಿವಾರ ಬಸ್ ತಪ್ಪಿತು, ಇನ್ನೊಂದು ಶನಿವಾರ ಜ್ವರ, ಆಮೇಲೆ ಬರುವುದೇ ನಿಂತುಹೋಯಿತು. ನೀವೂ ಯಾಕೆಂದು ಕೇಳಲಿಲ್ಲ. ಎರಡು ವರ್ಷ ಹಾಗೇ ಹೋಯಿತು.

ಈ ಬೇಸಿಗೆಯಲ್ಲಿ ತಟ್ಟೆ, ವೈರು ಎಲ್ಲ ಬದಲಿಸಿ ಮತ್ತೆ ಅಳೆದೆ. ಉಬ್ಬು ಅಲ್ಲೇ ಇತ್ತು. ಬಿಲ್ಲೆಯನ್ನು ಪೂರ್ತಿ ಒಣಗಿಸಿದೆ, ಮಾಯವಾಯಿತು. ಸ್ವಲ್ಪ ತೇವ ತಾಗಿಸಿದೆ, ಮರಳಿ ಬಂತು. ಸರ್ ಬಹಳ ಹೊತ್ತು ಗ್ರಾಫ್ ನೋಡಿ, “ಭಾನು ಆಗ್ಲೇ ಹೇಳಿದ್ನಲ್ಲಮ್ಮ” ಎಂದರು. ನಾನು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಕೈಯಲ್ಲಿ ಫೋನಿತ್ತು. ತಿಳಿಸಿದರೆ ನಿಮಗೆ ಸಂತೋಷವಾಗುತ್ತದೋ, ಬಿಟ್ಟುಬಂದ ಕೆಲಸ ನೆನಪಾಗಿ ನೋವಾಗುತ್ತದೋ ಗೊತ್ತಾಗದೆ ಒಳಗಿಟ್ಟೆ.

ಒಪ್ಪಿಗೆಯ ಒಂದು ಸಾಲು ಬರೆದರೆ ಸಾಕು. ಬೇರೇನೂ ಕೇಳಲು ಈ ಪತ್ರವಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಶಿರೀಷಾ

ತಾ.ಕ.: ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ನನಗೆ ಪಾಠ ಮಾಡುವ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಸೇರಬೇಕು. ತೊಂಡೇಬಾವಿಯಲ್ಲಿ ಸ್ಟೇಷನ್ನಿಗೆ ಹತ್ತಿರ ಒಂದು ಮನೆ ನೋಡಿ ಬಂದೆ, ಅಲ್ಲಿಂದ ನಿಮ್ಮ ಕಾರ್ಖಾನೆಯೂ ದೂರವಿಲ್ಲ. ಮನೆಯ ಒಡತಿ ಕಲ್ಯಾಣಮ್ಮ, “ಎಷ್ಟು ಜನ ಇರ್ತೀರಮ್ಮ?” ಎಂದು ಕೇಳಿದರು. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.