ಕತ್ತರಿಗೆ ಸಾಲು ನಿಂತ ಬೆಳಗು

ಮಾನ್ಯ ಮಾಜಿ ಸಹಪಾಠಿ ಕಾವ್‌ಫಾಂಗ್ ಅವರಿಗೆ,

ನೀನು ನಮ್ಮ ಖೋನ್‌ಕೇನ್ ಬಿಟ್ಟು ಥಾಯ್ಲೆಂಡಿನ ಯಾವ ಊರಿಗೆ ಹೋದೆಯೋ ನನಗೆ ತಿಳಿಯದು. ಆದರೂ ವರದಿ ಒಪ್ಪಿಸುವುದು ನನ್ನ ಧರ್ಮ.

ಇಂದು ಧ್ವಜವಂದನೆ ಮುಗಿಯುತ್ತಲೇ ರಚನೀ ಟೀಚರ್ ಕತ್ತರಿ ಹಿಡಿದು ಬಂದರು. ನಮ್ಮ ತರಗತಿಯ ಪೈಲಿನ್‌ಳ ಕೂದಲು ನಿಯಮ ಮೀರಿ ಕಿವಿಗಿಂತ ಕೆಳಗಿದೆಯೆಂದು ಎಲ್ಲರೆದುರು ಒಂದೇ ಬದಿ ಕತ್ತರಿಸಿದರು. ಇನ್ನೊಂದು ಬದಿಯನ್ನು ನಾಚಿಕೆಯಾಗಲೆಂದು ಹಾಗೆಯೇ ಬಿಟ್ಟರು, ನಿನಗೆ ಮಾಡಿದಂತೆ.

ನಾನು ಸಾಲು ಬಿಟ್ಟು ಮುಂದೆ ಹೋದೆ. "ಟೀಚರ್, ನನ್ನ ಕೂದಲೂ ಎರಡು ಬೆರಳಷ್ಟು ಜಾಸ್ತಿ ಇದೆ. ಅವಳೊಬ್ಬಳಿಗೇ ಮಾಡಿದ್ರೆ ನಮಗೆ ಬೇಜಾರಾಗಲ್ವಾ?"

"ತಲೆಹರಟೆ ಮಾಡ್ಬೇಡ. ಹೋಗಿ ನಿಂತ್ಕೋ."

"ನಿಯಮ ಅಂದ್ರೆ ನಿಯಮ, ಟೀಚರ್."

ಸಿಟ್ಟಿನಲ್ಲಿ ನನ್ನದನ್ನೂ ಕತ್ತರಿಸಿದರು. ತಿರುಗಿ ನೋಡಿದರೆ ನನ್ನ ಹಿಂದೆ ಇಡೀ ತರಗತಿಯ ಹುಡುಗಿಯರು ಸಾಲು ನಿಂತಿದ್ದಾರೆ ಕಣೇ!

"ನಂಗೆ ಸ್ವಲ್ಪ ಮೇಲಕ್ಕೇ ಹೊಡೀರಿ ಟೀಚರ್, ಸೆಕೆ," ಎಂದಳೊಬ್ಬಳು.

ಹನ್ನೊಂದನೆಯ ತಲೆಯ ಹೊತ್ತಿಗೆ ಟೀಚರ್ ಹೆಬ್ಬೆರಳು ಸೆಟೆದುಕೊಂಡಿತು. ಹೆಡ್‌ಮಾಸ್ಟರ್ ಓಡಿ ಬಂದು, "ಏನ್ರೀ ಇದು, ಸ್ಕೂಲೋ ಸಲೂನೋ?" ಎಂದು ಕತ್ತರಿ ಕಸಿದುಕೊಂಡರು. ಇನ್ನು ಯಾರ ಕೂದಲನ್ನೂ ಮುಟ್ಟಕೂಡದೆಂದು ಮೈಕಿನಲ್ಲೇ ಸಾರಿದರು. ಅಳುತ್ತಿದ್ದ ಪೈಲಿನ್ ನಕ್ಕುಬಿಟ್ಟಳು.

ಇಷ್ಟಕ್ಕೆಲ್ಲ ಬೇಕಾದದ್ದು ಬರೀ ಮೂರು ಹೆಜ್ಜೆ.

ನಿನಗೆ ಹೀಗಾದ ದಿನ ನಾನು ನಿನ್ನ ಹಿಂದಿನ ಸಾಲಿನಲ್ಲೇ ಇದ್ದೆ. ಮರುದಿನದಿಂದ ನೀನು ಶಾಲೆಗೆ ಬರಲಿಲ್ಲ. ಅಂದೂ ನನ್ನ ಕಾಲುಗಳು ಚೆನ್ನಾಗಿಯೇ ಇದ್ದವು.