ಅತ್ತಿಗೆಯ ಬಟ್ಟಲು

ಅಕ್ಟೋಬರ್ ೧೪, ಮಂಗಳವಾರ

ಪ್ರಯೋಗಾಲಯದ ಕಾಗದ ಇನ್ನೂ ನನ್ನ ದಿಂಬಿನ ಕೆಳಗಿದೆ. ನಾವು ಸಾಕುವ ಆಮೆಗಳ ಕರುಳಲ್ಲೂ ರಕ್ತದಲ್ಲೂ ಸಾಲ್ಮೊನೆಲ್ಲಾ ರೋಗಾಣು ಸಿಕ್ಕಿದೆಯಂತೆ. ಹಸಿಯಾಗಿ ಯಾರೂ ಸೇವಿಸಬಾರದು, ಬಸುರಿಯರಂತೂ ಮುಟ್ಟಲೇಬಾರದು. ಬೆಳಿಗ್ಗೆ ಅಪ್ಪನಿಗೆ ಅದನ್ನು ಓದಿ ಹೇಳಿದವಳು ನಾನೇ.

"ಅಜ್ಜನ ಕಾಲದಿಂದ ಆಮೆ ರಕ್ತ ಕುಡೀತಿದೀವಿ, ಯಾರು ಸತ್ರು? ಸಾಹಿತ್ಯ ಓದಿದೋಳಲ್ವಾ, ಇದನ್ನೂ ಒಂದು ಕಥೆ ಅಂದ್ಕೊ. ಶನಿವಾರ ಕಾನ್ ತೋ ಪೇಟೆಯ ಹೋಟೆಲಿನವರು ಬಂದು ಆಮೆ ಒಯ್ಯೋವರೆಗೂ ಮನೇಲೂ ಬಾಯಿ ಬಿಡಬೇಡ" ಅಂದರು. ತಲೆಯಾಡಿಸಿದೆ.

ಸಂಜೆ ಅಮ್ಮ ಒಂದು ಆಮೆ ಕೊಯ್ದು, ಬಿಸಿ ರಕ್ತಕ್ಕೆ ಜೇನು ಬೆರೆಸಿ, ಏಳು ತಿಂಗಳ ಬಸುರಿ ಹುವೆ ಅತ್ತಿಗೆಯ ಮುಂದಿಟ್ಟಳು.

"ಕಣ್ಮುಚ್ಕೊಂಡು ಕುಡ್ದುಬಿಡಮ್ಮ, ಮಗು ಗಟ್ಟಿಯಾಗುತ್ತೆ."

ಅಪ್ಪ ಅನ್ನದಿಂದ ತಲೆ ಎತ್ತಲಿಲ್ಲ. ಬಟ್ಟಲು ಕಸಿದು ನಾನೇ ಕುಡಿದುಬಿಟ್ಟೆ.

ಅತ್ತಿಗೆ ನಕ್ಕಳು. "ನೋಡಿ ಅತ್ತೆ, ನನಗಿಂತ ನಾದಿನಿಗೇ ಬಯಕೆ ಜಾಸ್ತಿ."

ಈಗ ಹೊಟ್ಟೆಯ ಸದ್ದನ್ನೇ ಆಲಿಸುತ್ತ ಕೂತಿದ್ದೇನೆ. ಗೋಡೆಯಾಚೆ ಅತ್ತಿಗೆ ಮಗುವಿಗೆ ಏನೋ ಗುನುಗುತ್ತಿದ್ದಾಳೆ. ಶನಿವಾರಕ್ಕೆ ಇನ್ನೂ ನಾಲ್ಕು ದಿನ. ನಾಳೆ ಅಮ್ಮ ದೊಡ್ಡ ಆಮೆಯನ್ನೇ ಕೊಯ್ಯುತ್ತಾಳಂತೆ, ನಮ್ಮಿಬ್ಬರಿಗೂ ಸಾಕಾಗುವಂಥದ್ದು.