ಎಂಟೂಕಾಲರ ಬೋಟು

ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

‘ನೀರಿಗೆ ಮುಖ ಮಾಡಿದ ಮನೆಯಲ್ಲಿ ಯಾರೂ ಒಂಟಿಯಲ್ಲ.’ ಎಂ.ಎ. ಓದುವಾಗ ಎಲ್ಲೋ ಕಂಡ ಸಾಲು, ಮುಂದಿನದು ಮರೆತಿದೆ. ಅಮ್ಮನಿಗೆ ಈ ಏಳನೇ ಮಹಡಿಯ ಫ್ಲ್ಯಾಟ್ ಕೊಡಿಸಿದ ದಿನ ಇದನ್ನೇ ಹೇಳಿ ನಿನ್ನ ಬಾಯಿ ಮುಚ್ಚಿಸಿದ್ದೆ. ಬರೆದವರು ಯಾವ ನೀರಿನ ಮುಂದೆ ಕೂತಿದ್ದರೋ. ಇಲ್ಲಿ ಪಕ್ಕದ ಮನೆಯವರ ಕೆಮ್ಮು ಕೂಡ ಕೇಳಿಸುವುದಿಲ್ಲ.

ಅಮ್ಮ ಹೋಗಿ ಹದಿನೆಂಟು ದಿನ. ಈ ಕಟ್ಟಡಕ್ಕೆ ಕಾಲಿಡುವುದಿಲ್ಲವೆಂದು ನೀನು ನನ್ನೊಂದಿಗೆ ಮಾತು ಬಿಟ್ಟು ಮೂರು ವರ್ಷ. ಅವಳನ್ನು ಹಳೆಯ ಬೀದಿಯಿಂದ ಕಿತ್ತು ತಂದೆನೆಂದು ನಿನ್ನ ಸಿಟ್ಟು. ಎರಡು ಮಹಡಿ ಮೇಲೆ ನಾನಿದ್ದೇನಲ್ಲ, ಇನ್ನೇನು ಬೇಕು ಅಂತ ನನ್ನ ಜಂಬ. ಆ ಎರಡು ಮಹಡಿ ಇಳಿದು ನಾನು ಹೋಗುತ್ತಿದ್ದದ್ದು ಭಾನುವಾರ ಮಾತ್ರ, ಅದೂ ನಿವಾಸಿಗಳ ಸಂಘದ ಫೈಲು ಹಿಡಿದು.

ಟವೆಲ್ ಯಾಕೆಂದು ನನಗೆ ಗೊತ್ತಿರಲಿಲ್ಲ. ಇದು ನಿಜ. ಬಾಲ್ಕನಿಯ ಅಡ್ಡಗೋಡೆಯ ಮೇಲೆ ದಿನಾ ಬೆಳಿಗ್ಗೆ ಅದೇ ಕೆಂಪು ಟವೆಲ್, ಒಣಗಿದ್ದರೂ ಅಲ್ಲೇ. ದಡದಲ್ಲಿ ಓಡಾಡುವವರಿಗೆ ನಮ್ಮ ಕಟ್ಟಡ ವಠಾರದ ಹಾಗೆ ಕಾಣುತ್ತದೆ ಅಂತ ಅಧ್ಯಕ್ಷರು ಗೊಣಗಿದರು. ನೀರಿನ ಕಡೆ ಬಟ್ಟೆ ಹಾಕಬಾರದೆಂದು ಕಾರ್ಯದರ್ಶಿಯಾದ ನಾನೇ ನೋಟೀಸ್ ಬರೆದೆ. ಭಾಷೆ ಚೆನ್ನಾಗಿದೆ ಅಂತ ಹೊಗಳಿಸಿಕೊಂಡೆ. ಅಮ್ಮ ತೆಗೆಯಲಿಲ್ಲ. ಭಾನುವಾರ ನಾನೇ ಹೋಗಿ ಮಡಚಿ ಕುರ್ಚಿಯ ಮೇಲಿಟ್ಟೆ. ಸೆಕ್ರೆಟರಿಯ ಅಮ್ಮನಿಗೊಂದು ಕಾನೂನು, ಉಳಿದವರಿಗೊಂದಾ ಅಂತ ಜನ ಆಡ್ಕೋತಾರೆ ಅಂದೆ. ಒಂದು ಟವೆಲ್ಲು ಕಣೇ, ಅದಕ್ಕೆಲ್ಲ ನಿಮ್ಮ ಸಂಘ ಮುಳುಗಿಹೋಗತ್ತಾ ಅಂದಳು. ನಕ್ಕಳು ಕೂಡ. ಮತ್ತೆ ಹಾಕಲಿಲ್ಲ.

ಅದು ನಿನಗಾಗಿ ಹಾಕುತ್ತಿದ್ದದ್ದೆಂದು, ಕೆಲಸಕ್ಕೆ ಆಚೆ ದಡಕ್ಕೆ ಹೋಗುವ ನೀನು ಎಂಟೂಕಾಲರ ಬೋಟಿನಿಂದ ಅದನ್ನು ನೋಡಿ ಅಮ್ಮ ಎದ್ದಿದ್ದಾಳೆ, ಚೆನ್ನಾಗಿದ್ದಾಳೆ ಎಂದುಕೊಳ್ಳುತ್ತಿದ್ದೆಯೆಂದು ಆಸ್ಪತ್ರೆಯಲ್ಲಿ ನೀನು ಹೇಳಿದಾಗಲೇ ತಿಳಿದದ್ದು. ಟವೆಲ್ ಹೋದ ಮೇಲೆ ಅವಳೇ ನಿಂತು ಕೈ ಬೀಸುವುದೆಂದು ನೀವಿಬ್ಬರೂ ಫೋನಿನಲ್ಲಿ ಗೊತ್ತು ಮಾಡಿಕೊಂಡಿದ್ದಿರಿ. ಐದಡಿಯೂ ಇಲ್ಲದ ಅಮ್ಮ ಆ ಗೋಡೆಯಾಚೆ ಕಾಣಬೇಕಾದರೆ ಸ್ಟೂಲು ಹತ್ತಬೇಕು. ಅದನ್ನು ಅವಳು ನಿನಗೂ ಹೇಳಲಿಲ್ಲ.

ಆ ಶುಕ್ರವಾರ ಅವಳ ಕೈ ಕಂಡಿತು, ತಟ್ಟನೆ ಇಲ್ಲವಾಯಿತು ಅಂತ ನೀನಂದೆ. ಬೋಟಿನಿಂದ ನನಗೆ ಒಂಬತ್ತು ಸಲ ಫೋನ್ ಮಾಡಿದ್ದೆ. ಯಾಕೆ ತೆಗೀಲಿಲ್ಲ ಅಕ್ಕಾ ಅಂತ ನೀನು ಕೇಳಿದಾಗ, ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗಿದ್ದೆ ಅಂತ ನಾನಂದೆ.

ಸ್ನಾನ ಆಗಿತ್ತು, ಗುಬ್ಬಿ. ಫೋನ್ ಕಾಫಿ ಲೋಟದ ಪಕ್ಕದಲ್ಲೇ ಇತ್ತು. ನಿನ್ನ ಹೆಸರು ಕಂಡಿತು. ಅಮ್ಮ ಏನೋ ಚಾಡಿ ಹೇಳಿರಬೇಕು, ಬೆಳಿಗ್ಗೆ ಬೆಳಿಗ್ಗೆ ಇವಳು ಜಗಳಕ್ಕೆ ನಿಂತಿದ್ದಾಳೆ ಅಂದುಕೊಂಡೆ. ಫೋನನ್ನು ಬೋರಲು ಹಾಕಿ, ಕೈಯಲ್ಲಿದ್ದ ಪದ್ಯದ ಪುಸ್ತಕದ ಹಾಳೆ ತಿರುವಿದೆ. ಮೇಜಿನ ಮೇಲೆ ಅದು ನಡುಗುವುದನ್ನು ಒಂಬತ್ತು ಸಲವೂ ನೋಡಿದೆ. ಮರಳುವ ಬೋಟು ಹಿಡಿದು ಬಂದು ನೀನು ನನ್ನ ಬಾಗಿಲು ಬಡಿಯುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಸ್ಟೂಲಿನಿಂದ ಬಾಲ್ಕನಿಯೊಳಗೇ ಬಿದ್ದಿದ್ದ ಅಮ್ಮನ ಮನೆಯ ಕೀಲಿಕೈ ಅದೇ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅರ್ಧ ಗಂಟೆ ಮೊದಲು ತಂದಿದ್ದರೆ ಅಂತ ಡಾಕ್ಟರು ಮಾತು ಅಲ್ಲಿಗೇ ಬಿಟ್ಟರು.

ಸಂಘದ ಪುಸ್ತಕದಲ್ಲಿ ನಾನು ಏನು ಬರೆದೆ ಗೊತ್ತೇ? ನಿಷೇಧವಿದ್ದರೂ ಬಟ್ಟೆ ಒಣಹಾಕಲು ಹೋಗಿ ಬಿದ್ದರು ಅಂತ. ನೀನು ನಿಜ ಹೇಳಿದ ಮೇಲೆಯೇ ಬರೆದದ್ದು. ನಾಳೆ ಸಭೆಯಲ್ಲಿ ಅದನ್ನು ಹೊಡೆದುಹಾಕಿ ಈ ಕಾಗದದ ಪ್ರತಿಯನ್ನೇ ಓದುತ್ತೇನೆ. ನಿನ್ನನ್ನು ಬಾ ಅನ್ನಲು ನನಗೆ ಮುಖವಿಲ್ಲ.

ಎಂಟೂಕಾಲಿಗೆ ದಿನಾ ಅಮ್ಮನ ಬಾಲ್ಕನಿಯಲ್ಲಿ ನಿಲ್ಲುತ್ತೇನೆ. ಬೋಟಿನಲ್ಲಿ ಯಾರ ಮುಖವೂ ಗುರುತಾಗುವುದಿಲ್ಲ. ಅಷ್ಟು ದೂರದಿಂದ ನೀನು ಒಂದು ಕೈಯನ್ನು ಹೇಗೆ ಗುರುತಿಸುತ್ತಿದ್ದೆಯೋ.

ಇಂತಿ,
ಅಕ್ಕ

ತಾ.ಕ.: ಲಕೋಟೆ ಅಂಟಿಸುವಾಗ ಅಮ್ಮನ ಪಕ್ಕದ ಮನೆಯ ಟೈಲರಮ್ಮ ಬಂದರು, ಕೈಯಲ್ಲಿ ಕೆಂಪು ಟವೆಲ್. ಅಂಚು ಹೊಲಿಯಲು ಅಮ್ಮ ಕೊಟ್ಟಿದ್ದಳಂತೆ. ಇದನ್ನು ಯಾಕೆ ಹಾಕುತ್ತಿದ್ದಳೆಂದು ನಿಮಗೆ ಗೊತ್ತಿತ್ತಾ ಅಂತ ಕೇಳಿದೆ. ಒಳಗೆ ಕರೆದರೂ ಬರದೆ ಹೊಸ್ತಿಲಾಚೆಯೇ ನಿಂತು ಹೇಳಿದರು: “ಗೊತ್ತಿತ್ತಮ್ಮ. ಸೆಕ್ರೆಟರಿ ನಿಮ್ಮ ಮಗಳೇ ಅಲ್ವಾ, ಒಂದು ಮಾತು ಹೇಳ್ಬಾರ್ದಾ ಅಂತ ನಾನೇ ಅಂದೆ. ಬರೀ ಸೆಕ್ರೆಟರಿನೇ ಬಂದು ಹೋಗ್ತಿದಾಳೆ, ಮಗಳು ಬಂದ ದಿನ ಹೇಳ್ತೀನಿ ಅಂದ್ರು.”